ಬರೀ ಬೀಜ

ಕುಲಶೇಖರದ ಬೀಜದ ಫ್ಯಾಕ್ಟರಿಯಲ್ಲಿ
ಹದಿಮೂರು ವರ್ಷದಿಂದ ನನ್ನದು ಸಿಪ್ಪೆ ತೆಗೆಯುವ ಮೇಜು.
ಕಣ್ಣು ಮುಚ್ಚಿ ಹೇಳಬಲ್ಲೆ ಬೆರಳಿಗೆ ಸಿಕ್ಕಿದ್ದು
ನೂರ ಎಂಬತ್ತೋ, ಮುನ್ನೂರ ಇಪ್ಪತ್ತೋ,
ಹೋಳೋ, ಚೂರೋ.
ಬೆಳ್ಳಗೆ ಇಡಿಯಾಗಿ ಇದ್ದಷ್ಟೂ ದೂರ ಹೋಗುತ್ತದೆ, ಕಡಲು ದಾಟಿ.
ಚೂರು ಇಲ್ಲೇ, ಐಸ್‌ಕ್ರೀಮಿಗೆ.

ಸಂಜೆ ಗೇಟಿನಲ್ಲಿ ಸೆರಗು ಕೊಡವಿ ತೋರಿಸಬೇಕು.
ಒಂದೇ ಒಂದು ದಿನ ಸರಿಯಾಗಿ ಕೊಡವಲಿಲ್ಲ.
ಯತಿನನಿಗೆ ಎರಡು ತುಂಬಿದ ದಿನ.
ಒಂದು ಹೋಳು, ಅಷ್ಟೇ.

ತುಟಿ ದಪ್ಪವಾಯಿತು, ಕಣ್ಣು ಹೂತುಹೋಯಿತು,
ಉಸಿರು ಸೀಟಿ ಹೊಡೆಯಿತು.
ಲ್ಯಾನ್ಸಿಯ ಆಟೋದಲ್ಲಿ ವೆನ್ಲಾಕಿಗೆ.
"ಏನು ತಿನ್ನಿಸಿದಿರಿ?"
"ಗಂಜಿ."
"ಮತ್ತೆ?"
"ಗಂಜಿ."
ಸೂಜಿ ಚುಚ್ಚುತ್ತ ಮೂರನೇ ಸಲ ಕೇಳಿದಾಗ
ಡಾಕ್ಟರ ಕಿವಿಗಷ್ಟೇ ಹೇಳಿದೆ.
ಅವರು ಗೋಡಂಬಿ ಎಂದು ದೊಡ್ಡದಾಗಿ ಬರೆದರು, ಕೆಳಗೆ ಗೆರೆ ಎಳೆದರು.
ನಮ್ಮ ಬಾಯಿಗೆ ಆ ಹೆಸರು ಬರುವುದಿಲ್ಲ.
ನಮಗದು ಬೀಜ, ಬರೀ ಬೀಜ.

ಆಮೇಲೆ ಕೈ ತೊಳೆಯುವುದೇ ಒಂದು ಪಾಳಿ.
ಫ್ಯಾಕ್ಟರಿ ನಳ್ಳಿಯಲ್ಲಿ ಒಮ್ಮೆ, ಬಾವಿಕಟ್ಟೆಯಲ್ಲಿ ಎರಡು ಸಲ,
ಸೀರೆ ಬದಲಿಸಿ, ಉಗುರಿನೊಳಗೆ ಹಳೆ ಬ್ರಶ್ಶು ತೂರಿಸಿ.
ಓಡಿ ಬಂದವನಿಗೆ "ನಿಲ್ಲು ಮಗಾ, ಬಂದೆ."
ಅವನು ಕಲಿತ ಮೊದಲ ಆಟ ಅದು:
ಅಮ್ಮನಿಂದ ಎರಡು ಮಾರು ದೂರ ನಿಲ್ಲುವುದು.

ಶಾಲೆಗೆ ಸೇರಿಸುವಾಗ ಡಾಕ್ಟರ ಚೀಟಿ ಕೊಟ್ಟೆ.
ಐರಿನ್ ಟೀಚರ್ ಓದಿದರು, ನನ್ನ ಬೆರಳು ನೋಡಿದರು,
ಏನೂ ಅನ್ನದೆ ಹಾಜರಿ ಪುಸ್ತಕದ ರಟ್ಟಿಗೆ ಅಂಟಿಸಿದರು.
ಕಪಾಟಿನಲ್ಲಿ ಔಷಧಿ ಶೀಶೆ, ಬಾಗಿಲಲ್ಲಿ ಲ್ಯಾನ್ಸಿಯ ನಂಬರು.
ಬಿಸಿಯೂಟದ ವಾರಿಜಕ್ಕ ಒಂದು ಸೌಟಿಗೆ ಕೆಂಪು ನೂಲು ಕಟ್ಟಿದಳು.
ಅವನ ಬೆಂಚಿನ ಮುಫೀದಾ
ಯಾರದೇ ಹುಟ್ಟುಹಬ್ಬದ ಚಾಕಲೇಟಿರಲಿ, ಅದರ ಸುತ್ತುಕಾಗದವನ್ನು
ಅಕ್ಷರ ಕೂಡಿಸಿ ಕೂಡಿಸಿ ಅವನಿಗಿಂತ ಮೊದಲು ಓದುತ್ತಾಳೆ.
ಓದಿನಲ್ಲಿ ಹಿಂದಿದ್ದ ಹುಡುಗಿ, ಈಗ ಪರವಾಗಿಲ್ಲವಂತೆ.

ಎಲ್ಲರೂ ಹಾಗಲ್ಲ. ಮೀಟಿಂಗಿನಲ್ಲಿ ಒಬ್ಬರು ಎದ್ದು
"ಒಬ್ಬನಿಗೋಸ್ಕರ ನಮ್ಮ ಮಕ್ಕಳು ತಿನ್ನಬಾರದಾ?" ಅಂದರು.
ಕೇಳಬೇಕಾದ ಮಾತೇ.
ನಾನು ಉಗುರು ನೋಡಿಕೊಂಡು ಕೂತೆ.

ವಾರ್ಷಿಕೋತ್ಸವದ ಪಾಯಸ ನಮ್ಮ ಧಣಿಗಳದ್ದು.
ಕೊಪ್ಪರಿಗೆ ತುಂಬ, ಮೇಲೆ ಇಡೀ ಬೀಜ ತೇಲುತ್ತ.
ಮುನ್ನೂರ ಇಪ್ಪತ್ತು. ದೂರದಿಂದಲೇ ಗುರುತಾಯಿತು.
ಅವರೇ ಸೌಟು ಹಿಡಿದು ಸಾಲಿನಲ್ಲಿ ಬಡಿಸುತ್ತ ಬಂದರು.
ಯತಿನ್ ಬಟ್ಟಲಿಗೆ ಅಂಗೈ ಮುಚ್ಚಿದ.
"ಸ್ವಲ್ಪ ಮಗಾ. ನಮ್ಮದೇ ಬೀಜ, ಒಂದನೇ ನಂಬರಿನದ್ದು."
"ನನಗೆ ಆಗುವುದಿಲ್ಲ," ಅಂದ, ಅಂಗಳಕ್ಕೆಲ್ಲ ಕೇಳುವ ಹಾಗೆ,
ಟೀಚರ್ ಕಲಿಸಿದಂತೆ, ಗಟ್ಟಿಯಾಗಿ.
ಕಲಿಸದ್ದನ್ನೂ ಹೇಳಿದ:
"ಒಮ್ಮೆ ತಿಂದು ವೆನ್ಲಾಕಿಗೆ ಹೋಗಿದ್ದೆ. ಅಮ್ಮ ತಂದದ್ದು, ಫ್ಯಾಕ್ಟರಿಯಿಂದ."

ಸೌಟು ಗಾಳಿಯಲ್ಲಿ ನಿಂತಿತು.
ಧಣಿಗಳು ತಲೆಯೆತ್ತಿ ಹುಡುಕಿದರು,
ತಾಯಂದಿರ ಸಾಲಿನಲ್ಲಿ ನನ್ನನ್ನು ಕಂಡರು.
ನಾನು ಸೆರಗು ಹಿಡಿದುಕೊಂಡಿದ್ದೆ, ಗೇಟಿನಲ್ಲಿ ಹಿಡಿದ ಹಾಗೆ.
ಏನು ಲೆಕ್ಕ ಹಾಕಿದರೋ,
ಮುಂದಿನ ಮಗುವಿಗೆ ಬಡಿಸಲು ಹೋದರು.
ಕೆಂಪು ನೂಲಿನ ಸೌಟಿನಲ್ಲಿ
ವಾರಿಜಕ್ಕ ಬೇರೆಯೇ ಮಾಡಿಟ್ಟ ಹೆಸರುಬೇಳೆ ಪಾಯಸ ತಂದಳು.

ರಾತ್ರಿ ದೀಪ ಆರಿಸಿದ ಮೇಲೆ ಕೇಳಿದ,
"ಅದರ ರುಚಿ ಹೇಗಿರ್ತದಮ್ಮಾ?"
ಹುರಿದ ಬಿಸಿಗೆ, ಮೇಲ್ವಿಚಾರಕರು ಅತ್ತ ತಿರುಗಿದಾಗ,
ನಾಲಗೆಯಡಿ ಹಾಲಿನ ಹಾಗೆ ಕರಗುತ್ತದೆ.
"ಸಪ್ಪೆ," ಅಂದೆ.
"ಹೌದಾ," ಅಂದು
ಗೋಡೆ ಕಡೆ ತಿರುಗಿ ಮಲಗಿದ.